ಆರಿಸಿ ಎನ್ನುವ ಗುಂಡಿ

ಶಿವಮಲ್ಲು ಅವರ ಆರು ವರ್ಷಗಳ ನೆನಪು ಅವರ ತಲೆಯೊಳಗಿರಲಿಲ್ಲ. ಮೈಸೂರಿನ ನಮ್ಮ ಆಸ್ಪತ್ರೆಯ ಎರಡನೆಯ ಮಹಡಿಯಲ್ಲಿ, ಎಕ್ಸ್‌ರೇ ಕೋಣೆಗೆ ಅಂಟಿಕೊಂಡಿರುವ ಸರ್ವರ್ ರೂಮಿನಲ್ಲಿತ್ತು. ಅದನ್ನು ನೋಡಿಕೊಳ್ಳುವವಳು ನಾನು. ಹೆಸರು ಜಲಜಾಕ್ಷಿ. ಆದರೆ ಆಸ್ಪತ್ರೆಯಲ್ಲಿ ‘ಸರ್ವರ್ ಜಲಜ’ ಎಂದರೇನೇ ಗುರುತು ಹತ್ತುವುದು. ರೋಗಿಗಳ ಕಡೆಯವರು ಹಬ್ಬಕ್ಕೆ ಹೋಳಿಗೆ ಕಳಿಸುವುದು ಡಾಕ್ಟರಿಗೆ, ಏನಾದರೂ ನಿಂತುಹೋದರೆ ಬೈಯುವುದು ನನಗೆ. ಅದಕ್ಕೆ ನನಗೇನೂ ಬೇಜಾರಿಲ್ಲ, ಬೈಗುಳ ತಿಂದರೆ ಸಕ್ಕರೆ ಕಾಯಿಲೆ ಬರುವುದಿಲ್ಲ.

ಮೆದುಳು ಜ್ವರ ಕೆಲವರಲ್ಲಿ ಒಂದು ವಿಚಿತ್ರ ಗಾಯ ಮಾಡಿ ಹೋಗುತ್ತದೆ. ಜ್ವರಕ್ಕೆ ಮುಂಚಿನದೆಲ್ಲ ಜ್ಞಾಪಕವಿರುತ್ತದೆ. ಆಮೇಲಿನದು ಯಾವುದೂ ನಿಲ್ಲುವುದಿಲ್ಲ. ಈಗ ಕುಡಿದ ಕಾಫಿ ಇನ್ನು ಸ್ವಲ್ಪ ಹೊತ್ತಿಗೆ ಕುಡಿದೇ ಇಲ್ಲ. ಅಂಥವರಿಗಾಗಿ ಬಂದದ್ದು ನೆನಪಿನ ಮಣಿ. ಹುಣಸೆ ಬೀಜದಷ್ಟು ದೊಡ್ಡದು, ಕಿವಿಯ ಹಿಂದೆ ಕೂರುತ್ತದೆ. ಅವರು ಕಂಡದ್ದು ಕೇಳಿದ್ದನ್ನೆಲ್ಲ ಅದು ನಮ್ಮ ಸರ್ವರಿಗೆ ಕಳಿಸುತ್ತದೆ, ಬೇಕಾದಾಗ ಅಲ್ಲಿಂದ ತಂದು ಮೆದುಳಿಗೆ ಕೊಡುತ್ತದೆ. ಕಿವಿಯಲ್ಲಿ ಯಾರೋ ಪಿಸುಗುಟ್ಟಿದ ಹಾಗಲ್ಲ, ನಿಜವಾಗಿಯೂ ಜ್ಞಾಪಕ ಬಂದ ಹಾಗೆ. ಹೇಗೆ ಎಂದು ನನ್ನನ್ನು ಕೇಳಬೇಡಿ. ಡಾಕ್ಟರ್ ಮೇದಪ್ಪನವರನ್ನು ಕೇಳಿ, ಊಟದ ಹೊತ್ತು ಮೀರುವ ತನಕ ವಿವರಿಸುತ್ತಾರೆ.

ನನಗೆ ಗೊತ್ತಿರುವುದು ಈಚೆ ಕಡೆಯದು. ರೈಲು ಟಿಕೆಟ್ ಕೊಳ್ಳಲು, ಕರೆಂಟ್ ಬಿಲ್ಲು ಕಟ್ಟಲು ನಾವು ತೆರೆಯುವ ವೆಬ್ ಅಪ್ಲಿಕೇಶನ್ ಇರುತ್ತದಲ್ಲ, ಇದೂ ಅಂಥದ್ದೇ. ಒಂದೇ ವ್ಯತ್ಯಾಸವೆಂದರೆ ಇಲ್ಲಿ ಒಂದು ಸೈಟಿಗೆ ಜನ್ಮದಲ್ಲಿ ಒಬ್ಬರೇ ಗಿರಾಕಿ. ಒಂದು ವಿಂಡೋಸ್ ಸರ್ವರು, ಅದರ ಮೇಲೆ ಸೈಟುಗಳನ್ನು ನಡೆಸುವ ಐಐಎಸ್ ಎಂಬ ವ್ಯವಸ್ಥೆ, ಅದರಲ್ಲಿ ಒಬ್ಬೊಬ್ಬ ರೋಗಿಗೂ ಒಂದೊಂದು ಸೈಟು. ಒಬ್ಬರದು ಕುಸಿದು ಬಿದ್ದರೆ ಪಕ್ಕದವರಿಗೆ ತಾಗಬಾರದೆಂದು ಎಲ್ಲವನ್ನೂ ಬೇರೆ ಬೇರೆ ಇಟ್ಟಿದ್ದೆ. ವಠಾರದ ಮನೆಗಳ ಹಾಗೆ, ಸೂರು ಒಂದೇ, ಒಲೆ ಬೇರೆ.

ಐಐಎಸ್‌ಗೆ ಒಂದು ಅಭ್ಯಾಸವಿದೆ. ಯಾವುದಾದರೂ ಸೈಟಿನ ಬಾಗಿಲನ್ನು ಸ್ವಲ್ಪ ಹೊತ್ತು ಯಾರೂ ತಟ್ಟದಿದ್ದರೆ ಅದನ್ನು ಮಲಗಿಸಿಬಿಡುತ್ತದೆ. ಅದು ಆಕ್ರಮಿಸಿಕೊಂಡಿದ್ದ ಜಾಗ ಬೇರೆಯವರಿಗೆ ಆಗಲಿ ಎಂದು. ಇದು ತಪ್ಪಲ್ಲ, ಮನೆ ನಡೆಸಿದವರಿಗೆಲ್ಲ ಅರ್ಥವಾಗುವ ಮಿತವ್ಯಯ. ಬೇಡವೆಂದರೆ ಹಾಗೆ ಮಲಗದಂತೆ ಹೇಳಿಡಬಹುದು. ಆದರೆ ನಮ್ಮದು ಹಳೆಯ ಯಂತ್ರ, ಎಲ್ಲರನ್ನೂ ಎಚ್ಚರವಾಗಿಟ್ಟರೆ ಅದಕ್ಕೇ ಉಬ್ಬಸ ಬರುತ್ತಿತ್ತು. ಹಾಗಾಗಿ ರೋಗಿ ಮಲಗಿದಾಗ ಮಣಿ ಸುಮ್ಮನಾಗುತ್ತಿತ್ತು, ಮಣಿ ಸುಮ್ಮನಾದರೆ ಸೈಟೂ ಮಲಗುತ್ತಿತ್ತು. ಬೆಳಗ್ಗೆ ಅವರು ಕಣ್ಣು ಬಿಟ್ಟಾಗ ಮಣಿ ಬಾಗಿಲು ತಟ್ಟಬೇಕು, ಸೈಟು ಎದ್ದು ತನ್ನ ಸಾಮಾನೆಲ್ಲ ಹರವಿಕೊಳ್ಳಬೇಕು. ಅದಕ್ಕೆ ಒಂದು ನಿಮಿಷ, ಕೆಲವು ಸಲ ಇನ್ನೂ ಸ್ವಲ್ಪ ಹೆಚ್ಚು ಹಿಡಿಯುತ್ತಿತ್ತು. ಅಷ್ಟು ಹೊತ್ತು ರೋಗಿ ಜ್ವರ ಬರುವುದಕ್ಕೆ ಮುಂಚಿನ ದಿನದಲ್ಲಿರುತ್ತಿದ್ದರು.

ಬಹಳ ಜನಕ್ಕೆ ಇದರಿಂದ ತೊಂದರೆಯಿರಲಿಲ್ಲ. ನಂಜನಗೂಡಿನ ಒಬ್ಬ ಅಜ್ಜಿ ದಿನಾ ಎದ್ದ ಕೂಡಲೇ ಯಾವತ್ತೋ ಮಾರಿದ ಎಮ್ಮೆಗೆ ಹುಲ್ಲು ಹಾಕಲು ಹೊರಡುತ್ತಿದ್ದಳು. ಬಾಗಿಲಿಗೆ ಬರುವಷ್ಟರಲ್ಲಿ ಜ್ಞಾಪಕ ಬಂದು, ತನ್ನನ್ನು ತಾನೇ ಬೈದುಕೊಂಡು ನಗುತ್ತಿದ್ದಳು. ಶಿವಮಲ್ಲು ಅವರ ಮನೆಯ ಕಥೆ ಬೇರೆ.

ಅವರು ಬಸ್ ಡಿಪೋದಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದವರು. ಜ್ವರ ಬಂದಾಗ ಒಬ್ಬಳೇ ಮಗಳು ಸಿಂಚನ ಎಂಟನೇ ಕ್ಲಾಸಿನಲ್ಲಿದ್ದಳು. ಆಮೇಲೆ ಅವಳು ಹೈಸ್ಕೂಲು ಮುಗಿಸಿದ್ದು, ಅಪ್ಪನಿಗಿಂತ ಎತ್ತರ ಬೆಳೆದಿದ್ದು, ಬಿ.ಕಾಂ. ಸೇರಿದ್ದು ಎಲ್ಲವೂ ಆ ಮಣಿಯ ಮೂಲಕ ನಮ್ಮ ಸರ್ವರಿಗೆ ಬಂದು ಕೂತಿತ್ತು. ಹೋದ ದಸರಾ ರಜೆಯಲ್ಲಿ ಶಿವಮಲ್ಲು ಮಗಳಿಗೆ ಸ್ಕೂಟರ್ ಕಲಿಸಿದರು. ಆರು ವರ್ಷದಲ್ಲಿ ಅವರು ಅಷ್ಟು ಖುಷಿಯಾಗಿದ್ದನ್ನು ತಾನು ನೋಡಿರಲಿಲ್ಲವೆಂದು ಅವರ ಹೆಂಡತಿ ದಾಕ್ಷಾಯಿಣಿ ನನಗೆ ಹೇಳಿದ್ದರು. ಈ ಸಲ ಯುಗಾದಿ ಕಳೆದ ಮೇಲೆ, ರಿಂಗ್ ರೋಡಿನಲ್ಲಿ, ಅದೇ ಸ್ಕೂಟರಿನ ಮೇಲೆ ಹೋಗುತ್ತಿದ್ದ ಸಿಂಚನಳಿಗೆ ಲಾರಿ ಬಡಿದು ಅವಳು ತೀರಿಕೊಂಡಳು.

“ಒಂದ್ಸಲ ಬೆಳಗ್ಗೆ ಹೊತ್ತು ಬಂದು ನೋಡಿ ಮೇಡಮ್” ಎಂದು ದಾಕ್ಷಾಯಿಣಿ ಫೋನಿನಲ್ಲಿ ಕೇಳಿಕೊಂಡರು. ಮಣಿಯಲ್ಲೇನೋ ದೋಷವಿರಬೇಕು ಎಂದುಕೊಂಡು ನನ್ನ ಚೀಲ ತಗುಲಿಸಿಕೊಂಡು ಬೋಗಾದಿಯ ಅವರ ಮನೆಗೆ ಹೋದೆ. ಅವರಿನ್ನೂ ಮಲಗಿದ್ದರು. ದಾಕ್ಷಾಯಿಣಿ ನನ್ನನ್ನು ಅಡುಗೆಮನೆಯ ಬಾಗಿಲಲ್ಲಿ ಕೂರಿಸಿ ಕಾಫಿ ಕೊಟ್ಟರು.

ಶಿವಮಲ್ಲು ಎದ್ದರು. ಪಂಚೆ ಸರಿಮಾಡಿಕೊಂಡು ನಡುಮನೆಗೆ ಬಂದರು.

“ದಾಕ್ಷಾ, ಮಗು ಎದ್ಲಾ? ಇವತ್ತು ಮ್ಯಾತ್ಸ್ ಟೆಸ್ಟು ಅಂತಿದ್ಲಲ್ಲ.”

“ಎದ್ದವ್ಳೆ ಕಣಿ. ಸ್ನಾನ ಮಾಡ್ತಾವ್ಳೆ” ಎಂದರು ದಾಕ್ಷಾಯಿಣಿ, ಒಲೆಯ ಕಡೆಯಿಂದ ತಿರುಗದೆ.

“ಬೇಗ ಬಾ ಅನ್ನು. ಶೂಗೆ ಪಾಲಿಶ್ ಹಾಕಿ ಕೊಡ್ತೀನಿ. ಬ್ರಷ್ ಎಲ್ಲಿಟ್ಟಿದ್ದೀಯ?”

ಅವರು ಬಗ್ಗಿ ಕಪಾಟಿನ ಕೆಳಗೆ ಹುಡುಕತೊಡಗಿದರು. ಏನೋ ಒಂದು ಹಾಡಿನ ಧಾಟಿ ಗುನುಗುತ್ತಿದ್ದರು. ಹಾಗೇ ಬಗ್ಗಿದ್ದವರು ಗುನುಗು ನಿಲ್ಲಿಸಿದರು. ಕೈ ನಿಂತಿತು. ಎರಡನೆಯ ಮಹಡಿಯಲ್ಲಿ ನನ್ನ ಸರ್ವರು ಎದ್ದಿತ್ತು. ಅವರು ನಿಧಾನವಾಗಿ ನೆಲದ ಮೇಲೆ ಕೂತು, ಬಚ್ಚಲ ಬಾಗಿಲನ್ನು ನೋಡಿದರು. ಅದು ತೆರೆದೇ ಇತ್ತು, ಒಳಗೆ ಯಾರೂ ಇರಲಿಲ್ಲ.

“ನಾನೇ ಅಲ್ವೇ ಕಲಿಸಿದ್ದು” ಎಂದರು. ಅಳಲಿಲ್ಲ. ಅತ್ತಿದ್ದರೆ ಅಲ್ಲಿ ಕೂತಿದ್ದ ನನಗೆ ಸುಲಭವಾಗುತ್ತಿತ್ತು.

ದಾಕ್ಷಾಯಿಣಿ ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ಹೇಳಿದರು. “ದಿನಾ ಹಿಂಗೇ ಕಣಿ ಮೇಡಮ್. ದಿನಾನೂ ಅವ್ಳು ಇವತ್ತೇ ಸತ್ತಂಗೆ. ನಾನು ಒಂದ್ಸಲ ಕಳ್ಕೊಂಡೆ. ಅವ್ರು ದಿನಾ ಕಳ್ಕೋತಾರೆ.”

ಸಮಾಧಾನ ಹೇಳುವ ಕಲೆ ನನಗೆ ಬರುವುದಿಲ್ಲ, ಆದ್ದರಿಂದ ನನಗೆ ಗೊತ್ತಿದ್ದ ಒಳ್ಳೆಯ ಸುದ್ದಿ ಹೇಳಿದೆ. ಹೊಸ ಸರ್ವರು ಬರುತ್ತಿದೆ, ಅದರಲ್ಲಿ ಧಾರಾಳ ಜಾಗವಿದೆ, ಯಾವ ಸೈಟೂ ಮಲಗಬೇಕಾಗಿಲ್ಲ. ಈ ಬೆಳಗಿನ ಅವಾಂತರ ಇರುವುದಿಲ್ಲ.

“ಅಂದ್ರೆ ಕಣ್ಣು ಬಿಡುವಾಗ್ಲೇ ಗೊತ್ತಿರ್ತದಾ?”

“ಹೂಂ ಅಕ್ಕ. ತಟ್ಟನೆ ಬಡಿಯೋದು ಇರಲ್ಲ.”

ಅವರು ಖುಷಿಪಡುತ್ತಾರೆ ಎಂದುಕೊಂಡಿದ್ದೆ. ಅವರು ಸೆರಗಿನ ತುದಿ ಬಾಯಿಗೆ ಒತ್ತಿಕೊಂಡರು. “ಆ ಒಂದು ಗಳಿಗೆನಾದ್ರೂ ನನ್ ಮಗ್ಳು ಬಚ್ಚಲಲ್ಲಿ ಸ್ನಾನ ಮಾಡ್ತಾ ಇರ್ತಾಳೆ ಮೇಡಮ್. ಎದ್ದವ್ಳೆ ಅಂತ ನಾನೂ ಬಾಯಿಬಿಟ್ಟು ಹೇಳ್ತೀನಿ. ಅದೂ ಹೋಯ್ತದಾ?”

ನಾನು ಚೀಲದ ಜಿಪ್ಪು ಎಳೆಯುತ್ತ ನಿಂತೆ. ಆಗ ಅವರು ಕೇಳಿದರು, “ಆ ಒಂದು ಸುದ್ದಿ ಮಾತ್ರ ತೆಗೆದುಹಾಕಕ್ಕಾಗಲ್ವಾ? ಮಿಕ್ಕಿದ್ದೆಲ್ಲ ಇರ್ಲಿ. ಅವ್ಳು ಎಲ್ಲೋ ಹಾಸ್ಟೆಲಲ್ಲವ್ಳೆ ಅಂತ ಹೇಳ್ಕೊಂಡು ಹೆಂಗೋ ಕಾಲ ಹಾಕ್ತೀನಿ.”

ಕೇಳಿ ನೋಡುತ್ತೇನೆ ಎಂದು ಹೇಳಿ ಬಂದೆ.

ಡಾಕ್ಟರ್ ಮೇದಪ್ಪನವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅದು ‘ಇಲ್ಲ’ ಎನ್ನುವುದಕ್ಕೆ ಅವರ ಪೀಠಿಕೆ.

“ನೋಡಿ ಜಲಜಾ, ದುಃಖ ತೆಗೆಯೋ ಅಧಿಕಾರ ಇವತ್ತು ಹೆಂಡತಿ ಕೈಗೆ ಕೊಟ್ಟರೆ, ನಾಳೆ ಅಣ್ಣ ತಮ್ಮಂದಿರು ಬರ್ತಾರೆ, ಮನೆ ಪಾಲಾಗಿದ್ದನ್ನ ಮರೆಸಿ ಅಂತ. ನಾಡಿದ್ದು ಹೊಡೆದವನೇ ಬರ್ತಾನೆ, ಹೊಡೆದಿದ್ದನ್ನ ಮರೆಸಿ ಅಂತ. ಅಳಿಸೋ ಹಾಗಿಲ್ಲ, ಪ್ರತಿ ಮಾಡೋ ಹಾಗಿಲ್ಲ. ಕಾನೂನು ಇರೋದೇ ಹಾಗೆ.”

ಅವರು ಹೇಳಿದ್ದು ಸರಿಯಾಗಿತ್ತು. ಅದಕ್ಕೇ ನನಗೆ ಇನ್ನೂ ಸಿಟ್ಟು ಬಂತು.

ಕಾನೂನಿನ ಎರಡನೆಯ ಮಾತನ್ನು ಇಲ್ಲೇ ಹೇಳಿಬಿಡುತ್ತೇನೆ, ಬ್ಯಾಕಪ್ ಇರಲಿಲ್ಲವೇ ಎಂದು ನೀವು ಕೇಳೇ ಕೇಳುತ್ತೀರಿ. ಇರಲಿಲ್ಲ. ಮಣಿಗಳು ಬಂದ ಹೊಸದರಲ್ಲಿ ಯಾರೋ ಒಬ್ಬರ ನೆನಪನ್ನು ನಕಲು ಮಾಡಿ ಮಾರಿಕೊಂಡಿದ್ದರು. ಆಮೇಲೆ ಒಬ್ಬರ ನೆನಪು ಒಂದೇ ಕಡೆ ಇರಬೇಕೆಂಬ ನಿಯಮ ಬಂತು. ಹೊಸ ಯಂತ್ರಕ್ಕೆ ಸಾಗಿಸುವಾಗಲೂ ಇಲ್ಲಿಂದ ತೆಗೆದು ಅಲ್ಲಿ ಇಡಬೇಕೇ ಹೊರತು ಎರಡೂ ಕಡೆ ಇರಕೂಡದು.

ಹೊಸ ಯಂತ್ರ ಬಂತು. ನನ್ನ ಮಟ್ಟಿಗೆ ಅದು ಹಬ್ಬ. ವಿಂಡೋಸ್ ಹಾಕಿದೆ, ಐಐಎಸ್ ಹಾಕಿದೆ, ಒಬ್ಬೊಬ್ಬರಿಗೂ ಸೈಟು ತೆರೆದೆ, ಯಾರ ಫೋಲ್ಡರನ್ನು ಯಾರು ಮುಟ್ಟಬಹುದೆಂದು ಬಿಗಿಮಾಡಿದೆ. ಯಾವುದೂ ಮಲಗಬಾರದೆಂದು ಹೇಳಿಟ್ಟೆ. ಮೊದಲು ಒಂದು ಖಾಲಿ ಸೈಟು ಹಾಕಿ ಬ್ರೌಸರಿನಲ್ಲಿ ತೆರೆದಾಗ ಪುಟ ಕಣ್ಣು ಮಿಟುಕಿಸುವಷ್ಟರಲ್ಲಿ ಬಂತು. ನಾನೊಬ್ಬಳೇ ಇದ್ದೆನಾಗಿ ಚಪ್ಪಾಳೆ ತಟ್ಟಿಕೊಂಡೆ.

ಹಳೆಯದರ ಡಿಸ್ಕು ಅಷ್ಟರಲ್ಲಿ ಕೊನೆಯುಸಿರು ಎಳೆಯುತ್ತಿತ್ತು. ದಿನಕ್ಕೊಂದು ದೂರು ಬರೆಯುತ್ತಿತ್ತು, ಓದುವಾಗ ಕಟಕಟ ಎನ್ನುತ್ತಿತ್ತು. ಎಲ್ಲವೂ ದಾಟುತ್ತದೆಂದು ಭರವಸೆ ಕೊಡಲಾರೆನೆಂದು ನಾನು ಮೇದಪ್ಪನವರಿಗೆ ಹೇಳಿದೆ. ಅವರು ಯೋಚಿಸಿ ಒಂದು ದಾರಿ ಕಂಡುಕೊಂಡರು. ಯಾವ ನೆನಪು ಮುಖ್ಯವೆಂದು ಮನೆಯವರೇ ಗುರುತು ಹಾಕಲಿ, ಅವು ಮೊದಲು ಹೋಗಲಿ, ಮಿಕ್ಕಿದ್ದು ಹಿಂದಿನಿಂದ ಬರಲಿ. ಅಪ್ಲಿಕೇಶನ್ ಬರೆದ ಕಂಪನಿಯವರು ಇದಕ್ಕಾಗಿ ಒಂದು ಪುಟ ಮಾಡಿ ಮನೆಯವರ ಫೋನುಗಳಿಗೆ ಕಳಿಸಿದರು. ಪುಟ ಕನ್ನಡದಲ್ಲೇ ಇರಬೇಕೆಂದು ಆಸ್ಪತ್ರೆಯ ಸಮಿತಿ ಪಟ್ಟು ಹಿಡಿದಿತ್ತು, ನ್ಯಾಯವಾದ ಪಟ್ಟೇ. ಒಂದೊಂದು ನೆನಪಿಗೂ ಒಂದು ಚಿತ್ರ, ಅದರ ಕೆಳಗೊಂದು ಗುಂಡಿ. ಗುಂಡಿಯ ಮೇಲೆ ಮೊದಲು ‘ಆಯ್ಕೆ ಮಾಡಿ’ ಎಂದು ಬರೆದಿದ್ದರಂತೆ. ಸಣ್ಣ ಫೋನುಗಳಲ್ಲಿ ಅದು ಒಂದು ಸಾಲಿಗೆ ಹಿಡಿಸದೆ ‘ಮಾಡಿ’ ಎನ್ನುವುದು ಕೆಳಗೆ ಜಾರಿ ಗುಂಡಿ ಅಂದಗೆಟ್ಟಿತು. ಅಲ್ಲಿ ಕೂತ ಯಾರೋ ಪುಣ್ಯಾತ್ಮ ಅದೇ ಅರ್ಥದ ಪುಟ್ಟ ಮಾತು ಹುಡುಕಿ ಹಾಕಿದ. ಆರಿಸಿ. ನಿಘಂಟಿನಲ್ಲಿ ನೋಡಿದರೆ ಒಂದಿಷ್ಟೂ ತಪ್ಪಿಲ್ಲ. ನಾನು ಆ ಪುಟವನ್ನು ಕಣ್ಣಾರೆ ಕಂಡಿದ್ದು ಎಲ್ಲ ಮುಗಿದ ಮೇಲೆ.

ದಾಕ್ಷಾಯಿಣಿಯವರ ಫೋನಿಗೂ ಪುಟ ಹೋಯಿತು. ಅವರು ಎಸ್ಸೆಸ್ಸೆಲ್ಸಿ ಓದಿದವರು, ದಿನಾ ಪೇಪರು ಓದುವವರು. ಪುಟದ ತಲೆಯ ಮೇಲೆ ‘ಸ್ಥಳಾಂತರ ಪ್ರಕ್ರಿಯೆಗೆ ಆದ್ಯತೆಯ ಮೇರೆಗೆ ಒಳಪಡಿಸತಕ್ಕ ಸ್ಮೃತಿಘಟಕಗಳ ಕುರಿತು’ ಎಂದು ಶುರುವಾಗಿ ಉಸಿರು ಬಿಡದೆ ಹೋಗುವ ಒಂದು ವಾಕ್ಯವಿತ್ತು. ಅದನ್ನು ಅವರು ಓದಿದರು, ಅರ್ಥವಾಗಲಿಲ್ಲ. ನಾನೂ ಓದಿದ್ದೇನೆ, ನನಗೂ ಆಗಲಿಲ್ಲ. ಕೆಳಗಿನ ಗುಂಡಿ ಮಾತ್ರ ಚೆನ್ನಾಗಿ ಅರ್ಥವಾಯಿತು. ಅದು ಎಲೆಕ್ಟ್ರಿಷಿಯನ್ ಮನೆ. ಮದುವೆಯಾದಾಗಿನಿಂದ ಆ ಮನೆಯಲ್ಲಿ ಹೆಚ್ಚು ಕೇಳಿಬಂದ ಮಾತೇ ಅದು. ಕೋಣೆಯಿಂದ ಈಚೆ ಬಂದರೆ ಲೈಟ್ ಆರ್ಸು, ಯಾರೂ ಇಲ್ಲದ ಕಡೆ ಫ್ಯಾನ್ ಆರ್ಸು, ಸಿಂಚು ಓದ್ತಾ ಓದ್ತಾ ನಿದ್ದೆ ಹೋದ್ಲು, ಹೋಗಿ ದೀಪ ಆರ್ಸು.

ನೆನಪಿನ ಚಿತ್ರ, ಅದರ ಕೆಳಗೆ ‘ಆರಿಸಿ’. ಅವರು ಅದನ್ನು ಓದಿದ್ದು ಹಾಗೆ. ಜಲಜಾ ಮೇಡಮ್ ಡಾಕ್ಟರ ಕೈಕಾಲು ಹಿಡಿದು ಹೇಗೋ ಒಪ್ಪಿಸಿದ್ದಾರೆ, ಬಾಯಿಬಿಟ್ಟು ಹೇಳುವ ಹಾಗಿಲ್ಲವೆಂದು ಹೀಗೆ ಗುಟ್ಟಾಗಿ ಕಳಿಸಿದ್ದಾರೆ ಎಂದುಕೊಂಡರು. ಗಂಡ ಹೊರಗೆ ಪೇಪರು ಓದುತ್ತಿದ್ದಾಗ ಒಂದೊಂದೇ ಚಿತ್ರ ಸರಿಸುತ್ತ ಹೋದರು. ಶಿವಮಲ್ಲು ಅವರ ಕಣ್ಣು ಕಂಡ ಚಿತ್ರಗಳವು. ಯೂನಿಫಾರ್ಮು ಗಿಡ್ಡವಾಯಿತೆಂದು ಮುಖ ಊದಿಸಿಕೊಂಡ ಸಿಂಚನ, ರಿಸಲ್ಟು ಬಂದ ದಿನ ಅಪ್ಪನ ಬಾಯಿಗೆ ಮೈಸೂರುಪಾಕು ತುರುಕುತ್ತಿರುವ ಸಿಂಚನ, ದುಪಟ್ಟಾ ಸೊಂಟಕ್ಕೆ ಬಿಗಿದು ಸ್ಕೂಟರಿನ ಮೇಲೆ ಕೂತು ಹಿಂತಿರುಗಿ ನೋಡುತ್ತಿರುವ ಸಿಂಚನ. ಕೊನೆಕೊನೆಯಲ್ಲಿ ಅವರಿಗೆ ಬೇಕಾದದ್ದು ಸಿಕ್ಕಿತು. ಅದರಲ್ಲಿದ್ದದ್ದು ದಾಕ್ಷಾಯಿಣಿಯವರದೇ ಮುಖ, ಸ್ಕೂಟರಿಗೆ ಲಾರಿ ಬಡಿದ ಸುದ್ದಿಯನ್ನು ಗಂಡನಿಗೆ ಹೇಳಿದ ಗಳಿಗೆಯದು. ಕೈಯಲ್ಲಿ ಫೋನು, ಬಾಯಿ ಅಗಲವಾಗಿ ತೆರೆದಿತ್ತು. ‘ಆರಿಸಿ’ ಒತ್ತಿದರು. ಒತ್ತಿದ್ದು ಸರತಿಗೆ ಹೋಯಿತೆಂದು ತೋರಿಸಲು ಚಿತ್ರ ಮಂಕಾಯಿತು. ಇನ್ನೇನು ಸಾಕ್ಷಿ ಬೇಕು? ಮಿಕ್ಕ ಯಾವುದನ್ನೂ ಅವರು ಮುಟ್ಟಲಿಲ್ಲ. ಆ ಚಿತ್ರಗಳನ್ನೆಲ್ಲ ಯಾವ ತಾಯಿ ಆರಿಸುತ್ತಾಳೆ?

ಆಮೇಲೆ ನನಗೆ ಫೋನು ಮಾಡಿದರು. “ಮೇಡಮ್, ಆರ್ಸಿದೆ ಕಣಿ. ನಿಮ್ ಉಪಕಾರ ಸಾಯೋವರ್ಗೂ ಮರೆಯಲ್ಲ.”

ಒಂದು ಗುಂಡಿ ಒತ್ತಿದ್ದಕ್ಕೆ ಇಷ್ಟೊಂದು ಉಪಕಾರಸ್ಮರಣೆಯೇ ಎನಿಸಿದರೂ ನನಗೆ ಸಂತೋಷವೇ ಆಯಿತು. “ಒಳ್ಳೇದಾಯ್ತು ಅಕ್ಕ. ಆರಿಸಿದ್ದು ಮೊದಲು ಹೋಗುತ್ತೆ, ಏನೂ ಯೋಚನೆ ಮಾಡಬೇಡಿ” ಎಂದೆ.

“ಮೊದ್ಲು ಅದು ಹೋಗ್ಲಿ ಮೇಡಮ್” ಎಂದರು ಅವರು.

ಭಾನುವಾರ ಸಾಗಣೆ. ಮಣಿಗಳನ್ನು ತೆಗೆದಿಟ್ಟು ರೋಗಿಗಳ ಪಕ್ಕದಲ್ಲೇ ಇರಿ ಎಂದು ಎಲ್ಲ ಮನೆಗಳಿಗೂ ಹೇಳಿದ್ದೆವು. ಹಳೆಯ ಸೈಟುಗಳ ಬಾಗಿಲಿಗೆಲ್ಲ ‘ಸದ್ಯಕ್ಕೆ ಮುಚ್ಚಿದೆ’ ಎಂಬ ಪುಟ ತಗುಲಿಸಿದೆ. ಮನೆಯವರು ಗುರುತು ಹಾಕಿದ್ದೆಲ್ಲ ಒಂದೊಂದಾಗಿ ದಾಟಿತು. ಮೇದಪ್ಪನವರು ನನ್ನ ಕುರ್ಚಿಯ ಹಿಂದೆ ನಿಂತು ಪರದೆ ನೋಡುತ್ತಿದ್ದರು. ಮಿಕ್ಕಿದ್ದು ಶುರುವಾಯಿತು. ಕಟಕಟ ಜೋರಾಯಿತು. ಆಮೇಲೆ ಒಮ್ಮೆಲೇ ನಿಂತುಹೋಯಿತು. ಆ ಕೋಣೆ ಅಷ್ಟು ನಿಶ್ಶಬ್ದವಾಗಿದ್ದನ್ನು ನಾನು ಯಾವತ್ತೂ ಕಂಡಿರಲಿಲ್ಲ. ಮತ್ತೆ ಚಾಲೂ ಮಾಡಿದೆ, ತಂತಿ ಬದಲಿಸಿದೆ, ಬೇರೆ ಯಂತ್ರಕ್ಕೆ ಸಿಕ್ಕಿಸಿದೆ. ಡಿಸ್ಕು ಸತ್ತಿತ್ತು.

“ಎಷ್ಟು ಹೋಯ್ತು?” ಎಂದರು ಮೇದಪ್ಪ.

ಹೊಸ ಸರ್ವರಿನಲ್ಲಿ ಒಂದೊಂದೇ ಸೈಟು ತೆರೆದು ನೋಡಿದೆ. ಬಹಳ ಮನೆಯವರು ಕೈ ನೋಯುವ ತನಕ ಒತ್ತಿದ್ದರು. ಹೋದದ್ದೆಂದರೆ ಯಾವತ್ತೋ ತಿಂದ ಉಪ್ಪಿಟ್ಟು, ಯಾರದೋ ಮನೆಯ ಗೃಹಪ್ರವೇಶ. ಶಿವಮಲ್ಲು ಅವರ ಸೈಟು ತೆರೆದಾಗ ನಾನೇ ಏನೋ ತಪ್ಪು ಜಾಗ ನೋಡುತ್ತಿದ್ದೇನೆ ಎಂದುಕೊಂಡೆ. ಅಲ್ಲಿ ಆರು ವರ್ಷಕ್ಕೆ ಒಂದೇ ಒಂದು ನೆನಪಿತ್ತು.

ಬೆಳಗ್ಗೆ ಅವರ ಮನೆಗೆ ಹೋದೆ. ಶಿವಮಲ್ಲು ಮಣಿ ಹಾಕಿಕೊಂಡು ಕುರ್ಚಿಯಲ್ಲಿ ಕೂತಿದ್ದರು. ಕಣ್ಣುಗಳು ಊದಿಕೊಂಡಿದ್ದವು. ಎದುರಿನ ಗೋಡೆಯಲ್ಲಿ ಹಾರ ಹಾಕಿದ ಫೋಟೋ. ಸಿಂಚನ ಕಾಲೇಜಿನ ಮೊದಲ ದಿನ ಸೀರೆಯುಟ್ಟು ತೆಗೆಸಿಕೊಂಡದ್ದು.

“ಯಾರು ಮೇಡಮ್ ಈ ಹುಡುಗಿ?” ಎಂದು ನನ್ನನ್ನು ಕೇಳಿದರು. “ನಮ್ಮನೇಲಿ ಯಾಕೆ ಹಾಕವ್ರೆ? ನನ್ ಮಗಳ ಫೋಟೋ ಹಾಕ್ದೆ ಯಾರ್ದೋ ಹಾಕವ್ಳೆ ಇವ್ಳು.”

ನಾನು ಚೀಲವನ್ನು ನೆಲಕ್ಕಿಟ್ಟು ಅವರ ಎದುರು ಕೂತೆ.

“ಎಂಟನೇ ಕ್ಲಾಸ್ ಮಗು ಮೇಡಮ್. ಎರಡು ಜಡೆ ಹಾಕ್ಕೊಂಡು ಹೋಗೋ ಮಗು. ಅದರ ಕೈಗೆ ಗಾಡಿ ಕೊಟ್ಟೋರ್ ಯಾರು? ಯಾವ ಪಾಪಿ ಕೊಟ್ಟೋನು?”

ಈಗ ಅವರಿಗೆ ಆ ಒಂದು ನಿಮಿಷವೂ ಇರಲಿಲ್ಲ. ಕಣ್ಣು ಬಿಡುವಾಗಲೇ ಮಗಳು ಸತ್ತಿರುತ್ತಿದ್ದಳು, ಅದೂ ಹದಿಮೂರು ವರ್ಷದವಳು. ಒಳಗೆ ದಾಕ್ಷಾಯಿಣಿ ಹತ್ತೊಂಬತ್ತರ ಮಗಳಿಗೆ ಅಳುತ್ತಿದ್ದರು. ಒಂದೇ ಮನೆಯಲ್ಲಿ ಗಂಡ ಹೆಂಡತಿ ಬೇರೆ ಬೇರೆ ಹುಡುಗಿಯರಿಗೆ ಅಳುವುದನ್ನು ನಾನು ನೋಡಿದೆ, ಮತ್ತೆ ನೋಡುವ ಶಕ್ತಿ ನನಗಿಲ್ಲ.

ಅಡುಗೆಮನೆಯಲ್ಲಿ ದಾಕ್ಷಾಯಿಣಿ ನನ್ನ ಕೈ ಹಿಡಿದುಕೊಂಡರು. “ಆರ್ಸಿದೆ ಅಂತ ಹೇಳಿದ್ನಲ್ಲ ಮೇಡಮ್? ಆರ್ಸಿದ್ದೇ ಉಳ್ಕೊಂಡದೆ, ಮಿಕ್ಕಿದ್ದೆಲ್ಲ ಹೋಗದೆ. ಉಲ್ಟಾ ಆಗದೆ ಕಣಿ.”

ಫೋನು ಇಸಿದುಕೊಂಡು ಆ ಪುಟ ನೋಡಿದೆ. ಆಗ ತಿಳಿಯಿತು. ಹೇಗೆ ಹೇಳುವುದು? ಬೇರೆ ಯಾರಾದರೂ ಹೇಳುವಂತಿದ್ದರೆ ಓಡಿಹೋಗುತ್ತಿದ್ದೆ.

“ಅಕ್ಕ, ಇಲ್ಲಿ ಆರಿಸೋದು ಅಂದ್ರೆ... ಬೇಕಾದ್ದನ್ನ ಆರಿಸಿ ತಗೊಳ್ಳೋದು.”

“ಬೇಕಾದ್ದನ್ನ?”

“ಹೂಂ.”

ಅವರು ಮೂಲೆಯ ಮೊರದ ಕಡೆ ತಿರುಗಿದರು. ಮೊರದಲ್ಲಿ ಅಕ್ಕಿಯಿತ್ತು, ಅದನ್ನೇ ನೋಡುತ್ತಿದ್ದರು. “ಅಕ್ಕಿ ಆರ್ಸೋದು ಅಂದ್ರೂ ಕಲ್ಲು ತೆಗ್ದು ಬಿಸಾಕದೇ ಅಲ್ವಾ ಮೇಡಮ್?”

ಕನ್ನಡಕ್ಕೆ ಪಟ್ಟು ಹಿಡಿದಿದ್ದ ಆ ಸಮಿತಿಯನ್ನು ಅಲ್ಲೇ ಕರೆದು ಉತ್ತರ ಹೇಳಿ ಎನ್ನಬೇಕೆನಿಸಿತು.

“ಸ್ಕೂಟರ್ ಕಲಿಸಿದ್ದೂ ಹೋಯ್ತಾ?” ಎಂದು ಕೇಳಿದರು.

“ಹೋಯ್ತು ಅಕ್ಕ.”

“ಅವ್ಳು ಹಿಂದಕ್ಕೆ ತಿರುಗಿ ಅಪ್ಪ ಬಿಟ್ಬಿಟ್ಯಾ ಅಂತ ಕಿರುಚಿದ್ದು?”

“ಎಲ್ಲ ಹೋಯ್ತು.”

ನಾನು ಆಸ್ಪತ್ರೆಗೆ ಹೋಗಿ ಮೇದಪ್ಪನವರ ಮೇಜಿನ ಮುಂದೆ ಕೂಗಾಡಿದೆ. ಅವರು ತಿರುಗಿ ಕೂಗಲಿಲ್ಲ. ಮಾರನೆಯ ವಾರ ಸಮಿತಿ ಕೂಡಿಸಿ, ಸರ್ಕಾರಕ್ಕೆ ಬರೆಸಿ, ಆ ನಿಯಮ ಹುಟ್ಟಿದ ಮೇಲೆ ಮೊದಲ ಸಲ ಅದನ್ನು ಸಡಿಲಿಸಿ ಅನುಮತಿ ತಂದರು. ಉಳಿದಿರುವ ಆ ಒಂದನ್ನೂ, ಆಮೇಲೆ ಸೇರಿದ್ದನ್ನೂ ಅಳಿಸಬಹುದು, ದಾಕ್ಷಾಯಿಣಿಯವರು ಹೂಂ ಅಂದರೆ ಸಾಕು. ಹಾಗೆ ಮಾಡಿದರೆ ಶಿವಮಲ್ಲು ಜ್ವರದ ಹಿಂದಿನ ದಿನದಿಂದ ಹೊಸದಾಗಿ ಶುರುಮಾಡುತ್ತಾರೆ. ಮಗಳು ಬಚ್ಚಲಲ್ಲಿರುತ್ತಾಳೆ. ಎಲ್ಲಿ ಎಂದು ಕೇಳಿದಾಗ ಏನು ಹೇಳಬೇಕೋ ಅದು ಮನೆಯವರಿಗೆ ಬಿಟ್ಟದ್ದು.

ಈ ಸಲ ನಾನು ಒಂದೊಂದು ಮಾತನ್ನೂ ಎರಡೆರಡು ಸಲ ಬಿಡಿಸಿ ಹೇಳಿದೆ. ದಾಕ್ಷಾಯಿಣಿ ಪೂರಾ ಕೇಳಿದರು.

“ಬ್ಯಾಡ ಮೇಡಮ್” ಎಂದರು. “ಅವ್ಳು ಸತ್ತಿದ್ದಾದ್ರೂ ಇಬ್ರಿಗೂ ಗೊತ್ತದೆ ಈಗ. ಅದನ್ನೂ ತೆಗೆದ್ರೆ ನಾನೊಬ್ಳೇ ಅಳ್ಬೇಕು. ಆಗಲ್ಲ ನನ್ ಕೈಲಿ.”

ಅವತ್ತಿನಿಂದ ಅವರು ಹೇಳಲು ಶುರುಮಾಡಿದರು. ಗಂಡನ ಪಕ್ಕ ಕೂತು, ಆಲ್ಬಮ್ಮು ತೊಡೆಯ ಮೇಲಿಟ್ಟುಕೊಂಡು, ಅವರು ಕಳೆದುಕೊಂಡ ಆರು ವರ್ಷವನ್ನು ಬಾಯಲ್ಲಿ ಹೇಳುವುದು. ಮಣಿ ಅದನ್ನೆಲ್ಲ ಕೇಳಿಸಿಕೊಂಡು ಸರ್ವರಿಗೆ ಕಳಿಸುತ್ತಿತ್ತು. ಹೊಸ ಯಂತ್ರ ಒಂದನ್ನೂ ಬಿಡದೆ ಹಿಡಿದಿಟ್ಟುಕೊಂಡಿತು. ಮೊದಲು ಶಿವಮಲ್ಲು ನಂಬಲಿಲ್ಲ. ಕನ್ನಡಿಯಲ್ಲಿ ತಮ್ಮ ನರೆತ ಕೂದಲು ನೋಡಿಕೊಂಡು ನಂಬಿದರು. ಗೋಡೆಯ ಮೇಲಿನ ಹುಡುಗಿ ತಮ್ಮ ಮಗಳೇ ಎಂದು ಒಪ್ಪಿಕೊಳ್ಳಲು ಬಹಳ ದಿನ ಹಿಡಿಯಿತು. ಒಪ್ಪಿದ ದಿನ ಆ ಫೋಟೋ ಕೆಳಗಿಳಿಸಿ, ಮುಖದ ಹತ್ತಿರ ಹಿಡಿದು ನೋಡಿದರಂತೆ. “ನನ್ನ ಅಮ್ಮನ ಮೂಗು ಬಂದದೆ” ಎಂದರಂತೆ. ಮಗಳ ಮುಖವನ್ನು ಮೊದಲ ಸಲ ನೋಡುವವರ ಹಾಗೆ ಹೇಳಿದರು ಎಂದು ದಾಕ್ಷಾಯಿಣಿ ನನಗೆ ತಿಳಿಸಿದರು.

ಮಣಿಯ ಪಟ್ಟಿ ಸಡಿಲವಾಗಿದೆ ಎಂದು ಒಂದು ಮಧ್ಯಾಹ್ನ ಹೋಗಿದ್ದೆ. ಅದನ್ನು ಸರಿಮಾಡುತ್ತ ಅವರ ಬೆನ್ನ ಹಿಂದೆ ನಿಂತಿದ್ದೆ. ದಾಕ್ಷಾಯಿಣಿ ಕಾಫಿ ಲೋಟ ತಂದು ಅವರ ಮುಂದಿಟ್ಟರು. ಅವರು ಲೋಟ ತೆಗೆದುಕೊಳ್ಳದೆ ಕೇಳಿದರು.

“ದಾಕ್ಷಾ, ಎಲ್ಲಾ ಹೇಳ್ದೆ. ಇದೊಂದು ಹೇಳ್ಲಿಲ್ಲ. ಗಾಡಿ ಕಲಿಸಿದ್ ಯಾರು ಅವ್ಳಿಗೆ?”

ನನ್ನ ಬೆರಳು ಮಣಿಯ ಮೇಲೇ ನಿಂತಿತು. ದಾಕ್ಷಾಯಿಣಿ ಒಂದು ಸಲ ನನ್ನನ್ನು ನೋಡಿದರು.

“ನಾನೇ” ಎಂದರು.

“ನೀನಾ? ನಿಂಗೆ ಸೈಕಲ್ಲೂ ಬರಲ್ವಲ್ಲೇ.”

“ನೀವು ಜ್ವರ ಬಂದು ಮಲಗಿದ್ಮ್ಯಾಕೆ ಕಲ್ತೆ ಕಣಿ. ಆಸ್ಪತ್ರೆಗೆ ಓಡಾಡ್ಬೇಕಿತ್ತಲ್ಲ. ಆಮೇಲೆ ಅವ್ಳೂ ಆಸೆಪಟ್ಲು. ಕಲಿಸ್ದೆ.”

“ನಾನು ಬ್ಯಾಡ ಅನ್ನಲಿಲ್ವಾ?”

“ಅಂದ್ರಿ. ನಾನೇ ಕೇಳ್ಲಿಲ್ಲ.”

ಅವರು ಹೆಂಡತಿಯನ್ನು ಬಹಳ ಹೊತ್ತು ನೋಡಿದರು. ಆ ನೋಟ ಹೇಗಿತ್ತೆಂದು ಬರೆಯಲು ನನಗೆ ಇಷ್ಟವಿಲ್ಲ. ಆಮೇಲೆ ಕುರ್ಚಿಯನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡು ಕೂತರು.

ದಾಕ್ಷಾಯಿಣಿ ನನ್ನನ್ನು ಗೇಟಿನ ತನಕ ಬಿಡಲು ಬಂದರು. ನನಗೆ ತಡೆಯಲಾಗಲಿಲ್ಲ. “ಯಾಕಕ್ಕ ಹಾಗಂದ್ರಿ? ಇದು ಹಳೇ ಸರ್ವರ್ ಅಲ್ಲ. ಒಂದು ಗಳಿಗೆನೂ ಮಲಗಲ್ಲ. ಇನ್ಮೇಲೆ ದಿನಾ ಕಣ್ಣು ಬಿಡುವಾಗ್ಲೇ ಅವರಿಗೆ ಇದು ಜ್ಞಾಪಕ ಇರುತ್ತೆ.”

“ಗೊತ್ತು ಮೇಡಮ್. ಇರ್ಲಿ ಅಂತ್ಲೇ ಹೇಳಿದ್ದು” ಎಂದು ಹೇಳಿ, ಗಂಡ ಮುಟ್ಟದೆ ಬಿಟ್ಟಿದ್ದ ಕಾಫಿಯನ್ನು ಬಿಸಿ ಮಾಡಿ ತರಲು ಒಳಗೆ ಹೋದರು.